ಪಿಆರ್ ಅಂದರೆ ಸಂಪರ್ಕವೋ, ಸಂಬಂಧವೋ?

'ತಪ್ಪು ಮುಚ್ಚಿಡಲು ಕಂಪನಿಯ ಪಿಆರ್' ಎಂದು ಮೊನ್ನೆ ಒಂದು ಸುದ್ದಿಯಲ್ಲಿ ಓದಿದೆ. ಪಿಆರ್ ಅಂದರೆ ಪಬ್ಲಿಕ್ ರಿಲೇಷನ್ಸ್, ಸಂಸ್ಥೆಯೊಂದಕ್ಕೆ ಜನರ ಜೊತೆಗಿನ ನಂಟನ್ನು ನೋಡಿಕೊಳ್ಳುವ ಕೆಲಸ. ಅದೇ ವಾರ ಇನ್ನೊಬ್ಬರು ಜಾಹೀರಾತನ್ನೇ ಪಿಆರ್ ಎಂದು ಕರೆದಿದ್ದರು. ಮುಚ್ಚಿಡುವುದೂ ಪಿಆರ್, ಡಂಗುರ ಹೊಡೆಯುವುದೂ ಪಿಆರ್ ಆದರೆ ಆ ಪದಕ್ಕೆ ಉಳಿಯುವ ಅರ್ಥವಾದರೂ ಏನು?

ಈ ಗೊಂದಲದಲ್ಲಿ ನಮ್ಮ ಅನುವಾದದ ಪಾಲೂ ಇದೆ. ಪಬ್ಲಿಕ್ ರಿಲೇಷನ್ಸ್ ಕನ್ನಡಕ್ಕೆ ಬರುವಾಗ 'ಸಾರ್ವಜನಿಕ ಸಂಪರ್ಕ' ಆಯಿತು. ಸಂಪರ್ಕದ ಬೇರು ಸಂಸ್ಕೃತದ 'ಪೃಚ್', ಅಂದರೆ ಬೆರೆ, ತಾಗು. ಸಂಬಂಧದ ಬೇರು 'ಬಂಧ್', ಅಂದರೆ ಕಟ್ಟು. ತಾಗಿದ್ದು ಮರುಕ್ಷಣ ಬಿಟ್ಟುಹೋಗಬಹುದು. ಕಟ್ಟಿದರೆ ಎರಡೂ ಕಡೆ ಹಿಡಿತ ಇರುತ್ತದೆ. ದಿನದ ಬಳಕೆಯಲ್ಲಂತೂ ಸಂಪರ್ಕ ಇನ್ನೂ ಸೊರಗಿದೆ: ಫೋನ್ ಸಂಪರ್ಕ, ಸಂಪರ್ಕ ಸಂಖ್ಯೆ, ಸಂಪರ್ಕ ಕಡಿತ. 'ಅವರ ಸಂಪರ್ಕದಲ್ಲಿದ್ದೇನೆ' ಅನ್ನುವುದಕ್ಕೂ 'ನಮ್ಮಿಬ್ಬರ ಸಂಬಂಧ ಚೆನ್ನಾಗಿದೆ' ಅನ್ನುವುದಕ್ಕೂ ತುಂಬಾ ದೂರ ಅಲ್ವಾ? ಮೂಲ ಪದ ಬಹುವಚನದಲ್ಲಿದೆ ಎಂಬುದನ್ನೂ ಬಿಟ್ಟೆವು. ನೌಕರರು, ಗ್ರಾಹಕರು, ಷೇರುದಾರರು, ಕಾರ್ಖಾನೆಯ ಪಕ್ಕದಲ್ಲಿ ವಾಸಿಸುವವರು, ಹೀಗೆ ಒಬ್ಬೊಬ್ಬರ ಜೊತೆಗಿನ ನಂಟೂ ಬೇರೆ.

ಸುಮ್ನೆ ಒಂದು ಪ್ರೆಸ್ ನೋಟ್ ಕಳಿಸಿದರೆ ಸಂಪರ್ಕ ಆಯಿತು, ಅಷ್ಟೇ. ಜನರ ದೂರನ್ನು ಕೇಳಿಸಿಕೊಳ್ಳಬೇಕು, ಅದನ್ನು ಮೇಲಿನವರ ಕಿವಿಗೆ ಹಾಕಬೇಕು, ಸಂಸ್ಥೆಯ ನಡೆಯನ್ನೇ ತಿದ್ದಿಸಬೇಕು. ಪಿಆರ್‌ನವರ ಕಷ್ಟದ ಕೆಲಸ ಇದೇ. ಹೊರಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಚ್ಚಿಡುವುದೇ ಪಿಆರ್ ಅನ್ನುವವರು 1906ನ್ನು ನೋಡಬೇಕು. ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತದ ಸುದ್ದಿ ಅದುಮುವುದು ಆಗಿನ ರೈಲು ಕಂಪನಿಗಳ ರೂಢಿ. ಆ ರೈಲಿನ ಒಡೆತನವಿದ್ದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಪಿಆರ್ ಕೆಲಸ ಮಾಡುತ್ತಿದ್ದ ಐವಿ ಲೀ ಉಲ್ಟಾ ಮಾಡಿದರು. ನಡೆದದ್ದನ್ನು ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು, ವರದಿಗಾರರನ್ನು ಸ್ಥಳಕ್ಕೆ ಕರೆಸಿದರು. ಪ್ರೆಸ್ ನೋಟ್‌ನ ಇತಿಹಾಸ ಹೇಳುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ. ಅಂದರೆ ಈ ಕಸುಬು ಹೆಸರು ಮಾಡಿದ್ದೇ ಬಾಗಿಲು ತೆರೆದು.

ಹಾಗಂತ ಲೀ ಸಂತರಲ್ಲ. 1914ರಲ್ಲಿ ಕೊಲರಾಡೋದ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದಾಗ ಲೀ ಗಣಿ ಕಂಪನಿಯ ಒಡೆತನವಿದ್ದ ರಾಕ್‌ಫೆಲರ್ ಪರವಾಗಿ ಹಂಚಿದ ಕರಪತ್ರಗಳಲ್ಲಿ ಕಾರ್ಮಿಕ ನಾಯಕರ ಸಂಬಳದ ಬಗ್ಗೆ ತಪ್ಪು ಲೆಕ್ಕಗಳಿದ್ದವು. ಅದನ್ನು ಪಿಆರ್ ಅನ್ನದೆ ಅಪಪ್ರಚಾರ ಅನ್ನಿ, ಸುಳ್ಳು ಅನ್ನಿ. ಕನ್ನಡದಲ್ಲಿ ಅದಕ್ಕೆ ಬೇಕಾದಷ್ಟು ಪದಗಳಿವೆ.