ಸೊಳ್ಳೆಗೂ ಒಗ್ಗಬೇಕು, ಕುರಿಗೂ ಒಗ್ಗಬೇಕು

ಕೋವಿಡ್ ಬಂದು ಹೋದ್ಮೇಲೆ ಒಂದು ಮಾತು ಎಲ್ಲರ ಬಾಯಲ್ಲೂ ಕೂತ್ಬಿಟ್ಟಿದೆ, ಎಲ್ಲೇ ರೋಗ ಜೋರಾದ್ರೂ "ವೈರಸ್ಸು ರೂಪ ಬದಲಾಯಿಸಿದೆಯಂತೆ" ಅಂತಾರೆ. 2022ರಲ್ಲಿ ನಮ್ಮ ದನಗಳಿಗೆ ಚರ್ಮಗಂಟು ರೋಗ ಬಂದಾಗಲೂ ನನ್ನ ಕಿವಿಗೆ ಬಿದ್ದಿದ್ದು ಇದೇ. ರೋಗ ಹೆಚ್ಚಾಗೋಕೆ ವೈರಸ್ಸೇ ಬದಲಾಗಬೇಕು ಅಂತೇನಿಲ್ಲ ಕಣ್ರೀ. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಆಫ್ರಿಕಾದ ರಿಫ್ಟ್ ವ್ಯಾಲಿ ಜ್ವರ.

1930ರಲ್ಲಿ ಕೀನ್ಯಾದ ನೈವಾಷಾ ಸರೋವರದ ಹತ್ರ ಕುರಿಮರಿಗಳು ಸಾಲುಸಾಲಾಗಿ ಸಾಯೋಕೆ ಶುರುವಾದಾಗ ಈ ವೈರಸ್ಸು ಮೊದಲ ಸಲ ಸಿಕ್ಕಿದ್ದು. ಹಿಂಡಿಗೆ ಹೊಕ್ತು ಅಂದ್ರೆ ಗಬ್ಬದ ಕುರಿಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಕಂದು ಹಾಕ್ತಾವೆ, ಹುಟ್ಟಿ ವಾರವೂ ಆಗದ ಮರಿಗಳು ಉಳಿಯೋದೇ ಅಪರೂಪ. ಹರಡೋದು ಸೊಳ್ಳೆಯಿಂದ, ಮನುಷ್ಯರಿಗೂ ಬರುತ್ತೆ.

ಇದು ಆರ್‌ಎನ್‌ಎ ವೈರಸ್ಸು, ಅಂದ್ರೆ ಇದರ ವಂಶವಾಹಿ ಬರಹ ಇರೋದು ಆರ್‌ಎನ್‌ಎ ಅನ್ನೋ ಸರಪಳಿಯಲ್ಲಿ, ಮೂರು ತುಂಡಲ್ಲಿ ಒಟ್ಟು ಸುಮಾರು 12 ಸಾವಿರ ಅಕ್ಷರ. ಆರ್‌ಎನ್‌ಎ ನಕಲು ಮಾಡುವಾಗ ಇಂಥ ವೈರಸ್ಸಲ್ಲಿ ತಪ್ಪು ತಿದ್ದೋರು ಯಾರೂ ಇರಲ್ಲ, ಸುಮಾರು 10 ಸಾವಿರ ಅಕ್ಷರಕ್ಕೊಂದು ತಪ್ಪು ಬೀಳುತ್ತೆ, ಅಂದ್ರೆ ಪ್ರತಿ ಕಾಪಿಯಲ್ಲೂ ಒಂದು ತಪ್ಪು ಅಂತ ಲೆಕ್ಕ ಹಾಕಿ. ಹಂಗಿದ್ರೆ ಇಷ್ಟೊತ್ತಿಗೆ ಗುರುತೇ ಸಿಗದಷ್ಟು ಬದಲಾಗಿರಬೇಕಿತ್ತು. ಆದ್ರೆ 1944ರಿಂದ 2000ದವರೆಗೆ ಆಫ್ರಿಕಾ ಮತ್ತು ಸೌದಿಯಲ್ಲಿ ಸಂಗ್ರಹಿಸಿದ್ದ 33 ವೈರಸ್ಸುಗಳನ್ನ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದ್ರೆ ವ್ಯತ್ಯಾಸ ಶೇ. 5ರ ಆಸುಪಾಸು, ಪ್ರೋಟೀನಿನಲ್ಲಿ ಇನ್ನೂ ಕಮ್ಮಿ! 1944ರಲ್ಲಿ ಉಗಾಂಡದ ಸೊಳ್ಳೆಗಳಿಂದ ತೆಗೆದ ವೈರಸ್ಸನ್ನ ಪಳಗಿಸಿ ಮಾಡಿದ ಸ್ಮಿತ್‌ಬರ್ನ್ ಲಸಿಕೆ ದಶಕಗಳ ನಂತರವೂ ಕುರಿಗಳನ್ನ ಕಾಪಾಡಿದೆ. ಫ್ಲೂ ಲಸಿಕೆಯನ್ನ ವರ್ಷ ವರ್ಷ ಬದಲಾಯಿಸೋ ಕಾಲದಲ್ಲಿ ಇದು ಎಂಥಾ ಸೋಜಿಗ ಯೋಚನೆ ಮಾಡಿ.

ಇದಕ್ಕೆ ವಿಜ್ಞಾನಿಗಳು ಕೊಡೋ ಒಂದು ಕಾರಣ ಏನಪ್ಪಾ ಅಂದ್ರೆ ಈ ವೈರಸ್ಸಿಗೆ ಎರಡು ಮನೆ. ಸೊಳ್ಳೆಯ ಹೊಟ್ಟೆಯಲ್ಲೂ ಬದುಕಬೇಕು, ಕುರಿಯ ರಕ್ತದಲ್ಲೂ ಬದುಕಬೇಕು. ಒಂದೇ ಕೀಲಿಕೈಯಿಂದ ಎರಡು ಬೀಗ ತೆಗೀಬೇಕು ಅಂದ್ಕೊಳ್ಳಿ, ಒಂದು ಬೀಗಕ್ಕೆ ಸಲೀಸಾಗ್ಲಿ ಅಂತ ಹಲ್ಲು ಉಜ್ಜಿದ್ರೆ ಇನ್ನೊಂದಕ್ಕೆ ಕೂರಲ್ಲ. ಅಥವಾ ಮಂಗಳೂರಲ್ಲಿ ತುಳುವಿನವರಿಗೂ ಕನ್ನಡದವರಿಗೂ ಒಂದೇ ಸಲಕ್ಕೆ ಅರ್ಥ ಆಗೋ ಹಾಗೆ ಚೀಟಿ ಬರೀಬೇಕು ಅಂದ್ರೆ, ಎರಡರಲ್ಲೂ ಇರೋ ಪದಗಳನ್ನ ಬಿಟ್ಟು ಆಚೆ ಹೋಗೋಕಾಗಲ್ಲ. ತಪ್ಪುಗಳು ದಿನಾ ಆಗ್ತಾನೇ ಇರ್ತವೆ, ಉಳ್ಕೊಳೋದು ಮಾತ್ರ ಎರಡೂ ಮನೆಗೆ ಒಪ್ಪಿಗೆ ಆದದ್ದು.

ಇದು ಬರೀ ಊಹೆ ಅಲ್ಲ. ಪ್ಯಾರಿಸ್‌ನ ಪಾಸ್ಟರ್ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ವೈರಸ್ಸನ್ನ ಬರೀ ಪ್ರಾಣಿಯ ಜೀವಕೋಶದಲ್ಲೇ ಮತ್ತೆ ಮತ್ತೆ ಬೆಳೆಸಿದ್ರು, ಇನ್ನೊಂದನ್ನ ಬರೀ ಸೊಳ್ಳೆ ಜೀವಕೋಶದಲ್ಲಿ, ಮೂರನೇದನ್ನ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ. ಒಂದೇ ಮನೆಯಲ್ಲಿ ಉಳಿದ ವೈರಸ್ಸು ಎನ್‌ಎಸ್‌ಎಸ್ ಅನ್ನೋ ಜೀನಿನ ದೊಡ್ಡ ತುಂಡನ್ನೇ ಕಳ್ಕೊಳ್ತು, ಅದು ನಮ್ಮ ದೇಹದ ಇಂಟರ್‌ಫೆರಾನ್ ಎಂಬ ಅಲಾರಂ ಬಾಯಿ ಮುಚ್ಚಿಸೋ ಜೀನು, ಹಾಗಾಗಿ ಆ ವೈರಸ್ಸಿಗೆ ಇಲಿಗಳಲ್ಲಿ ಮೊದಲಿನ ಉಗ್ರತೆ ಉಳಿಲಿಲ್ಲ. ಅಲ್ಲಿಗೂ ಇಲ್ಲಿಗೂ ಓಡಾಡಿದ್ದು ಮಾತ್ರ ಗಟ್ಟಿಯಾಗೇ ಇತ್ತು. ದಿನಾ ಊರೂರು ಸುತ್ತೋನ ಬ್ಯಾಗಲ್ಲಿ ಕೊಡೆ, ಸ್ವೆಟರ್ರು, ಬಾಟ್ಲಿ ಎಲ್ಲಾ ಇರುತ್ತೆ, ಒಂದೇ ಕಡೆ ನೆಲೆ ನಿಂತೋನು ಒಂದೊಂದೇ ತೆಗೆದು ಅಟ್ಟಕ್ಕೆ ಹಾಕ್ತಾನೆ, ಹಾಗೆ. ಇದೇ ಜೀನಿನ ಹೆಚ್ಚುಪಾಲು ತಾನಾಗೇ ಕಳ್ಕೊಂಡಿದ್ದ ಕ್ಲೋನ್ 13 ಅನ್ನೋ ತಳಿ ಮಧ್ಯ ಆಫ್ರಿಕಾದ ರೋಗಿಯೊಬ್ಬರಿಂದ 1974ರಲ್ಲಿ ಸಿಕ್ಕ ವೈರಸ್ಸಿನ ಕುಡಿ, ಅದೇ ಮುಂದೆ ಲಸಿಕೆ ಆಯ್ತು!

ಹಾಗಂತ ಇದು ಬದಲಾಗೋದೇ ಇಲ್ಲ ಅಂತಲ್ಲ. ಮೂರು ತುಂಡಿನ ವೈರಸ್ಸಾದ್ರಿಂದ ಎರಡು ತಳಿ ಒಂದೇ ಜೀವಕೋಶಕ್ಕೆ ಬಿದ್ರೆ ತುಂಡುಗಳು ಅದಲುಬದಲಾಗೋದು ಉಂಟು, ಅದನ್ನ ಮರೆಯೋ ಹಾಗಿಲ್ಲ.

ಹಾಗಾದ್ರೆ ರೋಗ ಉಕ್ಕೋದು ಯಾಕೆ? 1977ರಲ್ಲಿ ಈಜಿಪ್ಟಿನಲ್ಲಿ ಅಂದಾಜು 2 ಲಕ್ಷ ಜನಕ್ಕೆ ಬಂತು. 2000ದಲ್ಲಿ ಮೊದಲ ಸಲ ಆಫ್ರಿಕಾ ದಾಟಿ ಸೌದಿ, ಯೆಮನ್‌ಗೆ ಹೋದಾಗ ಸಿಕ್ಕ ವೈರಸ್ಸು 1997-98ರಲ್ಲಿ ಪೂರ್ವ ಆಫ್ರಿಕಾದಲ್ಲಿದ್ದದ್ದರ ತೀರಾ ಹತ್ತಿರದ ನೆಂಟ. ಹೊಸದಾಗಿದ್ದು ವೈರಸ್ಸಲ್ಲ, ಜಾಗ. ಕೀನ್ಯಾದಲ್ಲಂತೂ ಎಲ್ಲಾ ಮಳೆಯ ಆಟ. ಅಲ್ಲಿನ ಡಾಂಬೊ ಅನ್ನೋ ತಗ್ಗುಗಳ ಮಣ್ಣಲ್ಲಿ ಈಡಿಸ್ ಸೊಳ್ಳೆಗಳ ಮೊಟ್ಟೆ ವರ್ಷಗಟ್ಟಲೆ ಒಣಗಿ ಬಿದ್ದಿರ್ತವೆ, ಕೆಲವಕ್ಕೆ ವೈರಸ್ಸು ತಾಯಿಯಿಂದಲೇ ಬಂದಿರುತ್ತೆ. ನಕಲೇ ಆಗದೆ ಮಲಗಿರೋ ವೈರಸ್ಸಲ್ಲಿ ತಪ್ಪು ಎಲ್ಲಿಂದ ಬರಬೇಕು? ಪೆಸಿಫಿಕ್ ಸಾಗರ ಬಿಸಿಯೇರೋ ಎಲ್ ನಿನೊ ವರ್ಷದಲ್ಲಿ ಅಲ್ಲಿ ಮಳೆ ಸುರಿದು ತಗ್ಗು ತುಂಬಿದಾಗ ಮೊಟ್ಟೆ ಒಡೆದು ಸೊಳ್ಳೆ ಏಳ್ತವೆ, ಪಕ್ಕದಲ್ಲೇ ಕುರಿ ಹಿಂಡು ಮೇಯ್ತಿರುತ್ತೆ. ಅದಕ್ಕೇ 2006ರಲ್ಲಿ ವಿಜ್ಞಾನಿಗಳು ವೈರಸ್ಸನ್ನ ಮುಟ್ಟದೆ, ಸಮುದ್ರದ ಬಿಸಿ, ಮಳೆ, ನೆಲದ ಹಸಿರನ್ನ ಉಪಗ್ರಹದಿಂದ ನೋಡ್ಕೊಂಡೇ, ರೋಗ ಬರೋಕೆ 2ರಿಂದ 6 ವಾರ ಮೊದಲೇ ಪೂರ್ವ ಆಫ್ರಿಕಾಕ್ಕೆ ಎಚ್ಚರಿಕೆ ಕೊಟ್ಟಿದ್ರು.