ಒತ್ತಡ ಅಳೆಯುವ ಬಣ್ಣ ಮತ್ತು ಪೇಂಟರ್ ಕೈ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಪೇಂಟರ್ ಸ್ಪ್ರೇ ಗನ್ ಹಿಡಿದಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ. ಗನ್ ಲೋಹದಿಂದ ಸುಮಾರು ಒಂದು ಗೇಣು ದೂರದಲ್ಲೇ ಇರುತ್ತದೆ. ಕೈ ಒಂದೇ ವೇಗದಲ್ಲಿ ಸಾಗುತ್ತದೆ. ಅಂಚು ದಾಟಿದ ಮೇಲೆಯೇ ಟ್ರಿಗರ್ ಬಿಡುತ್ತಾರೆ. ಹಿಂದಿನ ಬಣ್ಣದ ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬೀಳುತ್ತದೆ. ಈ ಕೈಚಳಕಕ್ಕೂ ವಿಮಾನ ವಿಜ್ಞಾನಕ್ಕೂ ಹತ್ತಿರದ ನಂಟಿದೆ.

ವಿಮಾನದ ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು, ಅಂದರೆ ವೇಗದ ಗಾಳಿ ಹಾಯಿಸುವ ಕೊಳವೆಯಲ್ಲಿಟ್ಟು ನೋಡುವುದು ಹಳೆಯ ರೂಢಿ. ರೈಟ್ ಸಹೋದರರು 1901ರಲ್ಲೇ ತಮ್ಮದೇ ಸುರಂಗ ಕಟ್ಟಿ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಆದರೆ ಮೇಲ್ಮೈಯ ಒತ್ತಡ ತಿಳಿಯಬೇಕಾದರೆ ಮಾದರಿಗೆ ಸಣ್ಣ ತೂತು ಕೊರೆದು, ಒಳಗಿಂದ ನಳಿಕೆ ಜೋಡಿಸಬೇಕಿತ್ತು. ತೂತು ಇದ್ದಲ್ಲಿ ಮಾತ್ರ ಲೆಕ್ಕ ಸಿಗುತ್ತದೆ. ತೆಳು ರೆಕ್ಕೆಯ ತುದಿಯಲ್ಲಿ ನಳಿಕೆಗೆ ಜಾಗವೇ ಇರುವುದಿಲ್ಲ.

ದಾರಿ ತೋರಿಸಿದ್ದು ರಸಾಯನಶಾಸ್ತ್ರ. ಬೆಳಕು ಬಿದ್ದಾಗ ತಾವೂ ಬೆಳಗುವ ಕೆಲವು ವಸ್ತುಗಳ ಹೊಳಪನ್ನು ಆಮ್ಲಜನಕ ತಗ್ಗಿಸುತ್ತದೆ ಎಂದು 1935ರಲ್ಲಿ ವಿಜ್ಞಾನಿಗಳಾದ ಕೌಟ್ಸ್ಕಿ ಮತ್ತು ಹಿರ್ಷ್ ತೋರಿಸಿದರು. 1980ರಲ್ಲಿ ಪೀಟರ್ಸನ್ ಮತ್ತು ಫಿಟ್ಜ್‌ಜೆರಾಲ್ಡ್ ಇದೇ ಗುಣವನ್ನು ಗಾಳಿಯ ಹರಿವು ನೋಡಲು ಬಳಸಿದರು. ಅದೇ ದಶಕದಲ್ಲಿ ಸೋವಿಯತ್ ವಿಮಾನ ಸಂಶೋಧನಾ ಸಂಸ್ಥೆ ತ್ಸಾಗಿ ಮತ್ತು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ಒತ್ತಡ ಅಳೆಯುವ ಬಣ್ಣವನ್ನು ಬೆಳೆಸಿದವು. ಮಾದರಿಗೆ ಬಣ್ಣ ಹೊಡೆದು, ನೇರಳಾತೀತ ಅಥವಾ ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಗಾಳಿಯಲ್ಲಿ ಸುಮಾರು 21% ಆಮ್ಲಜನಕ ಇರುವುದರಿಂದ, ಒತ್ತಡ ಏರಿದಲ್ಲಿ ಬಣ್ಣದೊಳಗೆ ಅದು ಜಾಸ್ತಿ ಇಳಿಯುತ್ತದೆ, ಹೊಳಪು ಮಂಕಾಗುತ್ತದೆ. ಕ್ಯಾಮೆರಾ ಇಡೀ ರೆಕ್ಕೆಯ ಒತ್ತಡವನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ.

ತೊಡಕು ಶುರುವಾಗುವುದು ಕೋಟ್‌ನಲ್ಲಿ, ಅಂದರೆ ಬಣ್ಣದ ಪದರದಲ್ಲಿ. ಇದು ಕೆಲವು ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಮಾತ್ರ, ತಲೆಕೂದಲಿಗಿಂತ ತೆಳು. ದಪ್ಪ ಇದ್ದಲ್ಲಿ ಹೊಳಪೂ ಜಾಸ್ತಿ. ಗಾಳಿ ಇಲ್ಲದಾಗಿನ ಚಿತ್ರವನ್ನು ಗಾಳಿ ಇದ್ದಾಗಿನ ಚಿತ್ರದಿಂದ ಭಾಗಿಸಿದರೆ ಈ ಏರುಪೇರು ಹೋಗಬೇಕು. ಆದರೆ ಗಾಳಿಗೆ ರೆಕ್ಕೆ ಬಾಗುತ್ತದೆ, ಮಾದರಿ ಅಲುಗುತ್ತದೆ. ಒಂದರ ಮೇಲೊಂದು ಚಿತ್ರ ಸರಿಯಾಗಿ ಕೂರದಿದ್ದರೆ ದಪ್ಪದ ವ್ಯತ್ಯಾಸವೇ ಒತ್ತಡದಂತೆ ಕಾಣುತ್ತದೆ. ಮೇಲ್ಮೈ ತರಿತರಿಯಾದರೆ ಗಾಳಿಯ ಹರಿವೇ ಬದಲಾಗುತ್ತದೆ. ಕೋಟ್ ದಪ್ಪವಾದರೆ ಆಮ್ಲಜನಕ ಒಳಗಿಳಿಯಲು ಸಮಯ ಹಿಡಿಯುತ್ತದೆ, ವೇಗದ ಬದಲಾವಣೆ ತಪ್ಪಿಹೋಗುತ್ತದೆ.

ಕಾಲೇಜಿನ ಸಣ್ಣ ಸುರಂಗಗಳಿಗೆ ಇದು ಇನ್ನೂ ಕಷ್ಟ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿ ತರುವ ಒತ್ತಡ ವಾತಾವರಣದ ಒತ್ತಡದ ಸುಮಾರು 1% ಅಷ್ಟೇ. ಹಲವು ಬಣ್ಣಗಳಲ್ಲಿ ಒಂದು ಡಿಗ್ರಿ ಉಷ್ಣತೆ ಏರಿದರೂ ಹೊಳಪು ಸುಮಾರು 1% ಇಳಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕಾದರೆ ಕೋಟ್ ಸಮವಾಗಿರಲೇಬೇಕು. ಅದಕ್ಕೇ ವಿದ್ಯಾರ್ಥಿಗಳು ಮೊದಲೇ ಸುರಂಗಕ್ಕೆ ಇಳಿಯುವ ಬದಲು, ಬಣ್ಣ ಹೊಡೆಯುವ ಯಂತ್ರದ ಮೇಲೇ ಕೆಲಸ ಮಾಡಬೇಕು ಎಂದು ನನಗನಿಸುತ್ತದೆ.

ಬಣ್ಣ ಹೊಡೆಯುವ ರೋಬೋಟ್ ಹೊಸದೇನಲ್ಲ. 1960ರ ದಶಕದ ಕೊನೆಯಲ್ಲಿ ನಾರ್ವೆಯ ಟ್ರಾಲ್ಫಾ ಕಂಪನಿ ತನ್ನ ತಳ್ಳುಗಾಡಿಗಳಿಗೆ ಬಣ್ಣ ಹೊಡೆಯಲು ಅದನ್ನು ಮಾಡಿಕೊಂಡಿತು. ಅದರ ತೋಳು ಹಿಡಿದು ಪೇಂಟರ್ ಒಮ್ಮೆ ಬಣ್ಣ ಹೊಡೆದು ತೋರಿಸುತ್ತಿದ್ದರು. ಯಂತ್ರ ಆ ಚಲನೆಯನ್ನು ನೆನಪಿಟ್ಟು ಮತ್ತೆ ಮತ್ತೆ ಮಾಡುತ್ತಿತ್ತು. ಯಂತ್ರದ ಮೊದಲ ಗುರು ಪೇಂಟರೇ.

ಬೆಳಗಾವಿಯಲ್ಲಿ ಆ ಗುರುಗಳಿದ್ದಾರೆ. ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ಯಂತ್ರ ನಡೆಸುವವರೂ ಇದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಇಲ್ಲೇ ಇದೆ. ಹತ್ತರಗಿಯ ಏಕಸ್ ಕಂಪನಿಯ ಕೈಗಾರಿಕಾ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಶುರುವಿಗೆ ಒತ್ತಡ ಅಳೆಯುವ ದುಬಾರಿ ಪ್ಲಾಟಿನಂ ಸಂಯುಕ್ತದ ಬಣ್ಣ ಬೇಕಿಲ್ಲ, ಸಾದಾ ಬಣ್ಣ ಸಾಕು. ಅಳತೆಯ ಹೆಜ್ಜೆಗಳಲ್ಲಿ ತಿರುಗುವ ಎರಡು ಸ್ಟೆಪ್ಪರ್ ಮೋಟಾರ್ ಮೇಲೆ ಗನ್ ಓಡಿಸಿ ಒಂದು ಅಲ್ಯೂಮಿನಿಯಂ ತಗಡಿಗೆ ಕೋಟ್ ಕೊಡಿ. ಇನ್ನೊಂದಕ್ಕೆ ಉದ್ಯಮಬಾಗದ ಪೇಂಟರ್ ಕೈಯಿಂದ ಹೊಡೆಸಿ. ಎರಡರ ದಪ್ಪವನ್ನೂ ನೂರು ಕಡೆ ಅಳೆದು, ಆ ಅಂಕಿಗಳನ್ನು ಪೇಂಟರ್ ಮುಂದಿಟ್ಟು ಮಾತಾಡಿ.