ದಡಕ್ಕೆ ಇಳಿದ ಮೇಲೆ ಊಟ ಎಲ್ಲಿಂದ?

ಮನೆ ಬದಲಾಯಿಸಿದವರಿಗೆ ಇದು ಗೊತ್ತು. ಹೊಸ ಮನೆಯಲ್ಲಿ ಮೊದಲು ಹಾಲುಕ್ಕಿಸಬೇಕು. ಒಲೆ ನೋಡಿದರೆ ಲಾರಿಯ ತೀರಾ ಒಳಗೆ, ಬೀರು ಮಂಚಗಳ ಹಿಂದೆ. 1915ರಲ್ಲಿ ತುರ್ಕಿಯ ಗಲ್ಲಿಪೋಲಿ ದಡಕ್ಕೆ ಸೈನ್ಯ ಇಳಿಸಲು ಹೊರಟ ಬ್ರಿಟಿಷ್ ಹಡಗುಗಳದ್ದೂ ಹೀಗೇ ಆಯಿತು. ಫಿರಂಗಿ ಒಂದರಲ್ಲಿ, ಗುಂಡು ಇನ್ನೊಂದರಲ್ಲಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಎಲ್ಲ ಇಳಿಸಿ, ಮತ್ತೆ ತುಂಬಬೇಕಾಯಿತು. ಅಷ್ಟರಲ್ಲಿ ತುರ್ಕರಿಗೆ ವಾರಗಟ್ಟಲೆ ಸಮಯ ಸಿಕ್ಕಿತು.

1942ರ ಆಗಸ್ಟ್‌ನಲ್ಲಿ ಜಪಾನಿಯರ ಕೈಯಲ್ಲಿದ್ದ ಪೆಸಿಫಿಕ್ ದ್ವೀಪ ಗ್ವಾಡಲ್‌ಕನಾಲ್‌ಗೆ ಇಳಿದ ಅಮೆರಿಕನ್ನರ ಪಾಡು ಬೇರೆ. ಎರಡೇ ದಿನಕ್ಕೆ ಹಡಗುಗಳು ಅರ್ಧಂಬರ್ಧ ಸಾಮಾನು ಹೊತ್ತುಕೊಂಡೇ ವಾಪಸ್ ಹೊರಟವು. ಸೈನಿಕರಿಗೆ ದಿನಕ್ಕೆ ಎರಡು ಹೊತ್ತು ಊಟ, ಅದರಲ್ಲೂ ಜಪಾನಿಯರು ಬಿಟ್ಟು ಹೋದ ಅಕ್ಕಿ.

ಸಾಮಾನು ಹಡಗಲ್ಲೇ ಇರಬೇಕೋ, ದಡದಲ್ಲಿ ರಾಶಿ ಹಾಕಬೇಕೋ? ಈ ಪ್ರಶ್ನೆಗೆ ದುಬಾರಿ ಉತ್ತರ ಸಿಕ್ಕಿದ್ದು 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ. ಅರ್ಜೆಂಟೀನಾ ವಶಪಡಿಸಿಕೊಂಡಿದ್ದ ಈ ದ್ವೀಪಗಳನ್ನು ಬ್ರಿಟನ್ ವಾಪಸ್ ಪಡೆಯಬೇಕಿತ್ತು. ಬ್ರಿಟನ್ನಿನಿಂದ ಸುಮಾರು 13,000 ಕಿ.ಮೀ. ದೂರ. ಪ್ರಯಾಣಿಕರ ಹಡಗು, ಸರಕು ಹಡಗು, ಕೈಗೆ ಸಿಕ್ಕಿದ್ದನ್ನೆಲ್ಲ ಯುದ್ಧಕ್ಕೆ ಎಳೆದರು. ಗಡಿಬಿಡಿಯಲ್ಲಿ ತುರುಕಿದ ಸಾಮಾನನ್ನು ದಾರಿಯಲ್ಲಿ, ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದ ಹತ್ತಿರ ವಿಂಗಡಿಸಿದರು. ಗಲ್ಲಿಪೋಲಿ ನೆನಪಾಗುತ್ತೆ, ಅಲ್ವಾ?

ಮೇ 21ಕ್ಕೆ ಫಾಕ್‌ಲ್ಯಾಂಡ್ಸ್‌ನ ಸ್ಯಾನ್ ಕಾರ್ಲೋಸ್‌ನಲ್ಲಿ ಸೈನ್ಯ ಇಳಿಯಿತು. ಸಾಮಾನು ಜಾಸ್ತಿ ಹಡಗಲ್ಲೇ ಇರಲಿ, ಬೇಕಾದಾಗ ತರಿಸೋಣ ಅನ್ನೋದು ಲೆಕ್ಕಾಚಾರ. ಅರ್ಜೆಂಟೀನಾದ ವಿಮಾನಗಳು ಅದನ್ನು ಕೆಡಿಸಿದವು. ಹಡಗುಗಳು ಕತ್ತಲಲ್ಲಿ ಬಂದು, ಬೆಳಕು ಹರಿಯುವ ಮೊದಲೇ ಜಾಗ ಬಿಡಬೇಕಾಯಿತು. ಹಾಗಾಗಿ ಅಜಾಕ್ಸ್ ಕೊಲ್ಲಿಯಲ್ಲಿ, ಹಿಂದೆ ಕುರಿಮಾಂಸ ಶೈತ್ಯೀಕರಿಸುತ್ತಿದ್ದ ಪಾಳು ಕಾರ್ಖಾನೆಯ ಸುತ್ತ ಮದ್ದುಗುಂಡಿನ ರಾಶಿ ಬಿತ್ತು. ಅದೇ ಕಟ್ಟಡದಲ್ಲೇ ಆಸ್ಪತ್ರೆ. ಅಲ್ಲಿಗೂ ಬಾಂಬ್ ಬಿತ್ತು. ಸಿಡಿಯದ ಬಾಂಬ್‌ಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ವೈದ್ಯರು ಆಪರೇಷನ್ ಮಾಡಿದರು.

ಮೇ 25ರಂದು ಎಕ್ಸೋಸೆಟ್ ಕ್ಷಿಪಣಿ 'ಅಟ್ಲಾಂಟಿಕ್ ಕನ್ವೇಯರ್' ಎಂಬ ಕಂಟೇನರ್ ಹಡಗಿಗೆ ಬಡಿಯಿತು. 12 ಜನ ಸತ್ತರು. ಅದರಲ್ಲಿದ್ದ 3 ಚಿನೂಕ್, 6 ವೆಸೆಕ್ಸ್ ಹೆಲಿಕಾಪ್ಟರ್‌ಗಳೂ ಸಾವಿರಾರು ಸೈನಿಕರ ಡೇರೆಗಳೂ ಹೋದವು. ಹಾರಾಟದಲ್ಲಿದ್ದ ಒಂದೇ ಚಿನೂಕ್ ಉಳಿಯಿತು, ಅದರ ಬಿಡಿಭಾಗ, ಉಪಕರಣ ಎಲ್ಲ ಹಡಗಿನ ಜೊತೆಗೇ ಹೋಗಿದ್ದವು. ಹೆಲಿಕಾಪ್ಟರ್‌ನಲ್ಲಿ ಹೋಗಬೇಕಿದ್ದವರು ಚಳಿಯಲ್ಲಿ, ಕೆಸರಿನಲ್ಲಿ ಹೊರೆ ಹೊತ್ತು ನಡೆದರು. ಇಷ್ಟನ್ನೂ ಒಂದೇ ಹಡಗಿಗೆ ತುಂಬಿದ್ದು ಯಾಕೆ? ಬೇರೆ ಹಡಗು ಸಾಕಷ್ಟು ಇರಲಿಲ್ಲ, ಅಷ್ಟೇ.

ಆಮೇಲಿನ ದಶಕಗಳಲ್ಲಿ ಅಮೆರಿಕ, ದಡದಲ್ಲಿ ರಾಶಿ ಹಾಕದೆ ಸಾಮಾನು ಒದಗಿಸಲು, ಸಮುದ್ರದಲ್ಲೇ ತೇಲುವ ನೆಲೆಯ ಕನಸು ಕಂಡಿತು, ಅದಕ್ಕೆಂದೇ ಹಡಗುಗಳನ್ನೂ ಕಟ್ಟಿತು.

ನಮ್ಮಲ್ಲಿ? ಸೈನ್ಯವನ್ನು ದಡಕ್ಕೆ ಇಳಿಸಲು ಅಮೆರಿಕದಲ್ಲಿ 1971ರಿಂದ ದುಡಿದ ಹಳೇ ಹಡಗು 2007ರಲ್ಲಿ ನಮ್ಮ ನೌಕಾಪಡೆಗೆ 'ಜಲಾಶ್ವ' ಆಗಿ ಬಂತು. ಇಂಧನ, ಮದ್ದುಗುಂಡು, ದಿನಸಿ ಹೊರುವ ತಲಾ 44,000 ಟನ್ನಿನ 5 ಹಡಗುಗಳನ್ನು 2023ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ಗೆ ಸುಮಾರು 19,000 ಕೋಟಿ ರೂಪಾಯಿಗೆ ಒಪ್ಪಿಸಿದ್ದಾಯಿತು. ಸೈನ್ಯವನ್ನೇ ದಡಕ್ಕೆ ಇಳಿಸುವ 4 ದೊಡ್ಡ ಹಡಗುಗಳಿಗೆ 2013ರಲ್ಲಿ ಕರೆದ ಟೆಂಡರ್ ಮಾತ್ರ ಏಳು ವರ್ಷ ಎಳೆದಾಡಿ 2020ರಲ್ಲಿ ರದ್ದಾಯಿತು.